ಕೊನೆಯವನು ದಡ ಹತ್ತುವವರೆಗೆ

ನನ್ನ ಕುತ್ತಿಗೆಯಲ್ಲಿ ಒಂದು ತೂತಿದೆ. ಉಸಿರಾಡುವುದು ಅದರಿಂದ, ಕೆಮ್ಮುವುದು ಅದರಿಂದ, ನೆಗಡಿಯಾದರೆ ಸೋರುವುದೂ ಅದರಿಂದಲೇ. ಅದರ ಮೇಲೆ ಒಂದು ಒದ್ದೆ ಬಟ್ಟೆ ಕಟ್ಟಿಕೊಂಡು ಓಡಾಡುತ್ತೇನೆ. ಮಾತಿಲ್ಲ. ಮಾತು ಹುಟ್ಟುವ ಪೆಟ್ಟಿಗೆಯನ್ನೇ ಕೊಯ್ದು ತೆಗೆದಿದ್ದಾರೆ. ಇದನ್ನು ಓದುತ್ತಿರುವವರಲ್ಲಿ ಯಾರಿಗಾದರೂ ಡಾಕ್ಟರು ಹೀಗೇ ಆಗಬೇಕೆಂದು ಹೇಳಿ, ನೀವು ಆಸ್ಪತ್ರೆಯ ಬೆಂಚಿನ ಮೇಲೆ ಕೈಕಾಲು ತಣ್ಣಗಾಗಿ ಕೂತಿದ್ದರೆ, ಪಕ್ಕದಲ್ಲಿ ನಾನೂ ಕೂತಿದ್ದೇನೆ ಅಂದುಕೊಳ್ಳಿ. ಧೈರ್ಯ ಹೇಳುವುದಕ್ಕಲ್ಲ ಇದನ್ನು ಬರೆಯುತ್ತಿರುವುದು. ಧೈರ್ಯ ಹೇಳುವವರನ್ನು ಕಂಡರೆ ನನಗೆ ಆಗ ಮೈಯೆಲ್ಲ ಉರಿಯುತ್ತಿತ್ತು.

ಮಿಲಿಟರಿಯಲ್ಲಿದ್ದವರು ನೀವು, ನಿಮಗೇನು ಭಯ ಅಂತ ನೋಡಲು ಬಂದವರೆಲ್ಲ ಹೇಳಿದರು. ಯುದ್ಧದಲ್ಲಿ ನಾನು ಹೆದರಿರಲಿಲ್ಲ ಅಂತ ಇವರಿಗೆ ಯಾರು ಹೇಳಿದರೋ ಕಾಣೆ.

ನಾನು ಈರಣ್ಣ. ಜವನಗೊಂಡನಹಳ್ಳಿ ಕಡೆಯವನು, ಕುರಿ ಕಾಯುವವರ ಮನೆಯಲ್ಲಿ ಹುಟ್ಟಿದವನು. ಪಲ್ಟನ್ ಸೇರುವ ಮೊದಲು ನನಗೆ ಬರುತ್ತಿದ್ದ ವಿದ್ಯೆ ಒಂದೇ, ಕುರಿ ಕರೆಯುವುದು. ನಗಬೇಡಿ, ಅದು ಸುಲಭವಲ್ಲ. ಹೊಟ್ಟೆಯಿಂದ ಎದ್ದು, ಗಂಟಲಲ್ಲಿ ಒಮ್ಮೆ ಹೊರಳಿ, ಕೊನೆಯಲ್ಲಿ ಮೇಲಕ್ಕೇರಿ ನಿಲ್ಲಬೇಕು. ಬರೆದರೆ ‘ಹೋ... ಬಾ... ಬಾರೋ...’ ಅಷ್ಟೇ. ಮೇವು ಹುಡುಕಿಕೊಂಡು ಹೋಗುವಾಗ ವೇದಾವತಿ ಹೊಳೆ ದಾಟಬೇಕಾಗುತ್ತಿತ್ತು. ಹೊಳೆಯಲ್ಲಿ ಸ್ವಲ್ಪ ನೀರಿದ್ದರೂ ಕುರಿ ನಿಂತುಬಿಡುತ್ತವೆ. ಆಗ ಹಿಂದೆ ನಿಂತು ಅಟ್ಟುವಂತಿಲ್ಲ, ಒಂದರ ಮೇಲೊಂದು ಬಿದ್ದು ಸಾಯುತ್ತವೆ. ಕುರಿಗಾರ ತಾನು ಮೊದಲು ದಾಟಿ, ಆಚೆ ದಡದಲ್ಲಿ ತಿರುಗಿ ನಿಂತು ಕೂಗಬೇಕು. ನಮ್ಮಪ್ಪ ನನಗೆ ಹೇಳಿಕೊಟ್ಟದ್ದು ಇಷ್ಟು: “ಅವು ನೀರು ನೋಡಬಾರ್ದು ಕಣ್ಲಾ, ನಿನ್ನ ಕಡೆ ನೋಡಂಗೆ ಕೂಗು. ಕೊನೇದು ದಡ ಹತ್ತಗಂಟ ಬಾಯಿ ಮುಚ್ಚಬ್ಯಾಡ.”

ಎಪ್ಪತ್ತೊಂದರ ಯುದ್ಧದಲ್ಲಿ ನಾನು ಪಶ್ಚಿಮದ ಗಡಿಯಲ್ಲಿದ್ದೆ. ದರ್ಜೆ ನಾಯಕ್, ಒಂದು ಸೆಕ್ಷನ್, ಅಂದರೆ ಸುಮಾರು ಹತ್ತು ಹುಡುಗರು, ನನ್ನ ಕೈಕೆಳಗೆ. ಅವರಲ್ಲಿ ತಿಪ್ಪೇಸ್ವಾಮಿ ನಮ್ಮ ಜಿಲ್ಲೆಯವನು, ಹೊಸದುರ್ಗದ ಕಡೆಯ ತೆಂಗಿನ ತೋಟದ ಹುಡುಗ. ನಾವೆಲ್ಲ ತಿಪ್ಪೇಶಿ ಅನ್ನುತ್ತಿದ್ದೆವು. ರಜೆಯಿಂದ ಬರುವಾಗ ಅವರವ್ವ ಕೊಟ್ಟ ಕೊಬ್ಬರಿ ಬೆಲ್ಲ ತರುತ್ತಿದ್ದ. ಕುರಿಗಾರನ ಕೈಕೆಳಗೆ ಬಂದು ನಾನೂ ಕುರಿಯಾದೆ ಅಂತ ನನ್ನನ್ನು ಆಡಿಕೊಳ್ಳುತ್ತಿದ್ದ. ಕೊಬ್ಬರಿಯ ಆಸೆಗೆ ನಾನು ಸುಮ್ಮನಿರುತ್ತಿದ್ದೆ.

ಆ ಚಳಿಗಾಲದ ಒಂದು ಮುಂಜಾನೆ ದಟ್ಟ ಮಂಜು, ಎರಡು ಹೆಜ್ಜೆ ಆಚೆ ಏನೂ ಕಾಣುತ್ತಿರಲಿಲ್ಲ. ನಮ್ಮ ಮುಂದೆ ಒಂದು ನಾಲೆ, ಎದೆಮಟ್ಟದ ಕೊರೆಯುವ ನೀರು. ಆಚೆ ಏರಿಯ ಮೇಲೆ ಶತ್ರುವಿನ ಮಷಿನ್‌ಗನ್. ಅದರ ಬಾಯಿ ಮುಚ್ಚಿಸದೆ ನಮ್ಮ ಹಿಂದಿನವರು ಒಂದು ಹೆಜ್ಜೆ ಮುಂದೆ ಬರುವಂತಿರಲಿಲ್ಲ. ನಮ್ಮ ಸಾಹೇಬರು ಶುರುವಿನಲ್ಲೇ ತೊಡೆಗೆ ಗುಂಡು ತಿಂದು ಬಿದ್ದರು. ಹುಡುಗರು ನೀರಿನ ಅಂಚಿನಲ್ಲಿ ಒಬ್ಬರಿಗೊಬ್ಬರು ಒತ್ತಿಕೊಂಡು ನಿಂತುಬಿಟ್ಟರು. ಬೈದೆ, ನೂಕಿದೆ, ಯಾರೂ ಅಲುಗಲಿಲ್ಲ. ನೋಡುತ್ತೇನೆ, ಎಲ್ಲರೂ ನೀರು ನೋಡುತ್ತಿದ್ದಾರೆ.

ನನಗೂ ಹೆದರಿಕೆಯಿತ್ತು. ಆದರೂ ಇಳಿದೆ. ಆಚೆ ಏರಿಯ ಬುಡ ಸೇರಿ, ತಿರುಗಿ ನಿಂತು ಕೂಗಿದೆ. ಅವರಲ್ಲಿ ತಮಿಳರಿದ್ದರು, ಮಲಯಾಳಿಗಳಿದ್ದರು, ಕುರಿ ಕರೆಯುವ ಕೂಗು ಎಲ್ಲರಿಗೂ ಅರ್ಥವಾಯಿತು. ಮೇಲಿದ್ದವರಿಗೂ ಅರ್ಥವಾಗಿ, ಗನ್ನು ನನ್ನ ದನಿಯ ಕಡೆ ತಿರುಗಿತು. ಏರಿಯ ಮಣ್ಣು ಕಿತ್ತುಬಂದು ಬಾಯಿಗೆ ಬೀಳುತ್ತಿತ್ತು, ಉಗಿದು ಮತ್ತೆ ಕೂಗುತ್ತಿದ್ದೆ. ನನ್ನ ಕಡೆ ಗುಂಡು ಬರುವಷ್ಟು ಹೊತ್ತು ನೀರಿನಲ್ಲಿರುವವರಿಗೆ ಬೀಳುವುದಿಲ್ಲವಲ್ಲ ಅಂತ ಒಂದು ಆಸೆ. ಒಬ್ಬೊಬ್ಬರೇ ನಡುಗುತ್ತ ಬಂದು ನನ್ನ ಕಾಲ ಬಳಿ ಕುಕ್ಕರಿಸಿದರು. ಹೆಗಲು ಮುಟ್ಟಿ ಮುಟ್ಟಿ ನೋಡಿದೆ. ತಿಪ್ಪೇಶಿ ಇರಲಿಲ್ಲ.

ಹೆಸರು ಹಿಡಿದು ಕರೆದೆ. “ತಿಪ್ಪೇಶೀ... ಬಾ... ಬಾರೋ...” ಒಂದು ಸಲ ಓ ಅಂದಿದ್ದರೆ ಸಾಕಾಗಿತ್ತು, ಎಲ್ಲಿದ್ದಾನೆಂದು ಗೊತ್ತಾಗಿ ಇಳಿದು ಎಳೆದುಕೊಂಡು ಬರುತ್ತಿದ್ದೆ. ಓ ಅನ್ನಲಿಲ್ಲ. ಇನ್ನು ಕಾಯುವಂತಿರಲಿಲ್ಲ, ಬಂದ ಹುಡುಗರನ್ನು ಕಟ್ಟಿಕೊಂಡು ಏರಿ ಹತ್ತಿದೆ. ಗ್ರೆನೇಡ್ ಎಸೆದೆವು, ಕೈಕೈ ಮಿಲಾಯಿಸಿದೆವು, ಗನ್ನು ನಿಂತಿತು. ಅದಕ್ಕೆ ಆಮೇಲೆ ನನ್ನ ಎದೆಗೆ ಒಂದು ಪದಕ ಚುಚ್ಚಿದರು. ಮಂಜು ಕರಗಿದ ಮೇಲೆ ನೋಡಿದರೆ ತಿಪ್ಪೇಶಿ ನೀರು ದಾಟಿದ್ದ. ದಡ ಹತ್ತಿರಲಿಲ್ಲ. ನಾನು ನಿಂತು ಕೂಗಿದ ಜಾಗದ ಕೆಳಗೇ, ಗುಂಡು ತಿಂದು, ಎರಡೂ ಕೈಯಲ್ಲಿ ಮಣ್ಣು ಹಿಡಿದುಕೊಂಡು, ಮುಖ ನನ್ನ ಕಡೆಗೆ ಮಾಡಿ ಮಲಗಿದ್ದ. ಅಷ್ಟು ಹತ್ತಿರ ಬಂದವನು ಯಾಕೆ ಓ ಅನ್ನಲಿಲ್ಲ?

ರಜೆ ಸಿಕ್ಕಾಗ ಅವರವ್ವ ಪುಟ್ಟವ್ವನನ್ನು ಕಂಡು ಎಲ್ಲ ಹೇಳಿದೆ. ಹಳ್ಳದ ದಂಡೆಯ ತೋಟದಲ್ಲಿ ಪುಟ್ಟ ಮನೆ. ಪುಟ್ಟವ್ವ ಅಳದೆ ಕೇಳಿದಳು. ಕೇಳಿ ಮುಗಿದ ಮೇಲೆ ಅಂದಳು: “ಕರೆದ್ರೆ ಓ ಅನ್ನದಂಗೆ ಇರೋನಲ್ಲ ಕಣಪ್ಪ ನನ್ ಮಗ. ನಿನ್ ಕೂಗು ಅವನಿಗೆ ಕೇಳ್ಸಿತ್ತೋ ಇಲ್ವೋ?”

ಕೇಳಿಸಿತ್ತು ಅವ್ವಾ, ನೀರು ದಾಟಿ ಬಂದಿದ್ದನಲ್ಲ ಅಂದೆ. ಹಾಗಾದರೆ ಯಾಕೆ ಓ ಅನ್ನಲಿಲ್ಲ ಅಂದಳು. ಅದನ್ನೇ ನಾನೂ ಕೇಳಿಕೊಳ್ಳುತ್ತಿದ್ದೆ.

ಆ ವರ್ಷ ಹಿರಿಯರ ಹಬ್ಬಕ್ಕೆ ನನಗೆ ಹೇಳಿ ಕಳಿಸಿದಳು. ಸತ್ತವರಿಗೆ ಎಡೆ ಇಡುವ ಹಬ್ಬ, ನಿಮಗೆ ಗೊತ್ತಲ್ಲ. ಬಾಳೆಎಲೆಯ ಮೇಲೆ ಹೋಳಿಗೆ, ಕಡುಬು, ಕಾಯಿಹಾಲು, ಪಕ್ಕದಲ್ಲಿ ಹೊಸ ಅಂಗಿ. ಎಲ್ಲ ಇಟ್ಟು ನನ್ನನ್ನು ಹೊಸ್ತಿಲ ಹೊರಗೆ ನಿಲ್ಲಿಸಿದಳು. ಅವನನ್ನು ಕೊನೆಗೆ ಕರೆದವನು ನೀನು, ಊಟಕ್ಕೂ ನೀನೇ ಕರಿ ಅಂದಳು. ನಾನು ಹಳ್ಳದ ಕಡೆ ತಿರುಗಿ ಆವತ್ತು ಕೂಗಿದ ಹಾಗೇ ಕೂಗಿದೆ. ಪುಟ್ಟವ್ವ ಬಾಗಿಲಿಗೆ ಒರಗಿ ಕಣ್ಣು ಮುಚ್ಚಿ ಕೇಳಿದಳು. ಅಲ್ಲಿಂದ ಪ್ರತಿ ವರ್ಷವೂ ಹೋದೆ. ಪಲ್ಟನ್‌ನಲ್ಲಿದ್ದಾಗ ರಜೆಯನ್ನು ಆ ಹಬ್ಬಕ್ಕೇ ಹೊಂದಿಸಿಕೊಂಡೆ, ಬಿಟ್ಟು ಬಂದ ಮೇಲೆ ಹಿರಿಯೂರಿನಿಂದ ಬಸ್ಸು ಹತ್ತಿ ಹೋದೆ. ಕೊನೆಯದು ದಡ ಹತ್ತುವವರೆಗೂ ಬಾಯಿ ಮುಚ್ಚಬೇಡ ಅಂದಿದ್ದನಲ್ಲ ಅಪ್ಪ. ನನ್ನ ಕೊನೆಯವನು ಇನ್ನೂ ಹತ್ತಿರಲಿಲ್ಲ.

ನನ್ನ ಗಂಟಲು ಕೆಟ್ಟದ್ದನ್ನು ಮೊದಲು ಕಂಡುಹಿಡಿದವಳೂ ಪುಟ್ಟವ್ವನೇ. ಒಂದು ಹಬ್ಬದಲ್ಲಿ ಕೂಗು ಮೇಲಕ್ಕೇರುವ ಕಡೆ ಒಡೆಯಿತು. ಆಕೆ ಕಣ್ಣು ಬಿಟ್ಟು, ಇದು ನಿನ್ನ ದನಿಯಲ್ಲ, ಡಾಕ್ಟರಿಗೆ ತೋರಿಸ್ಕೋ ಅಂದಳು. ನಾನು ತಲೆಗೆ ಹಾಕಿಕೊಳ್ಳಲಿಲ್ಲ. ಬಿಸಿನೀರಿಗೆ ಉಪ್ಪು ಹಾಕಿ ಮುಕ್ಕಳಿಸಿದೆ, ಜ್ಯೇಷ್ಠಮಧು ಅಗಿದೆ, ಕಷಾಯ ಕುಡಿದೆ. ಬೀಡಿ ಮಾತ್ರ ಬಿಡಲಿಲ್ಲ. ಬೇಸಿಗೆಯ ಹೊತ್ತಿಗೆ ಉಗುಳು ನುಂಗಿದರೆ ಕಿವಿಯವರೆಗೆ ನೋವು. ನನ್ನ ಹೆಂಡತಿ ಕರಿಯಮ್ಮ ಒಂದು ಬೆಳಗ್ಗೆ ಸೀರೆ ಉಟ್ಟು, ಚೀಲ ಹಿಡಿದು ನಿಂತು, ನೀವು ಬರ್ತೀರೋ ನಾನೊಬ್ಬಳೇ ಹೋಗಿ ನನ್ನ ಗಂಟಲು ತೋರಿಸ್ಕೊಂಡು ಬರಲೋ ಅಂದಳು. ಚಿತ್ರದುರ್ಗದ ಡಾಕ್ಟರು ಒಂದು ಕನ್ನಡಿ ಹಾಕಿ ನೋಡಿದವರು ಕನ್ನಡಿ ತೊಳೆಯತೊಡಗಿದರು. ಎಷ್ಟು ಹೊತ್ತು ತೊಳೆದರೆಂದರೆ, ಅಷ್ಟರಲ್ಲಿ ಕರಿಯಮ್ಮ ನನ್ನ ಕೈ ಹಿಡಿದಿದ್ದಳು. ಮದುವೆಯಾದ ಮೇಲೆ ಜನರ ಮುಂದೆ ಆಕೆ ನನ್ನ ಕೈ ಹಿಡಿದದ್ದು ಅದೇ ಮೊದಲು.

ಬೆಂಗಳೂರಿನ ದೊಡ್ಡಾಸ್ಪತ್ರೆಯಲ್ಲಿ ಗಂಟಲಿನವರದ್ದೇ ಒಂದು ಸಾಲು. ಎಲ್ಲರ ಕುತ್ತಿಗೆಗೂ ಬಟ್ಟೆ. ಅಷ್ಟು ಜನ ಕೂತಿದ್ದರೂ ಅಲ್ಲಿ ಗದ್ದಲವಿರಲಿಲ್ಲ, ಅದನ್ನು ಕಂಡು ನನಗೆ ಮೊದಲ ದಿನವೇ ಎದ್ದು ಓಡಬೇಕು ಅನ್ನಿಸಿತು. ನನ್ನ ಪಕ್ಕ ಕೂತವನು ಹೊಳಲ್ಕೆರೆ ಸಂತೆಯಲ್ಲಿ ಈರುಳ್ಳಿ ಮಾರುವವನು. ಅವನಿಗೆ ಆಪರೇಷನ್ ಆಗಿ ಬಹಳ ದಿನವಾಗಿತ್ತು, ತೋರಿಸಿಕೊಳ್ಳಲು ಬಂದಿದ್ದ. ಮಗುವಿನ ಸ್ಲೇಟು ಚೀಲದಿಂದ ತೆಗೆದು, ‘ಊರು ಯಾವುದು’ ಅಂತ ಬರೆದ. ಹೇಳಿದೆ. ಕೂಗಿ ಮಾರುತ್ತಿದ್ದವನು ಈಗ ಹೇಗೆ ಮಾರುತ್ತೀಯ ಅಂದೆ. ಸ್ಲೇಟು ಒರೆಸಿ ಬರೆದ, ‘ಗಂಟೆ ಬಾರಿಸ್ತೀನಿ. ಪೂಜಾರಿ ಅಂತಾರೆ.’ ಬರೆದು ಸದ್ದಿಲ್ಲದೆ ನಕ್ಕ. ಆವತ್ತು ನನಗೆ ಒಂದು ತುತ್ತು ಅನ್ನ ಸೇರಿದ್ದು ಅವನಿಂದ.

ಡಾಕ್ಟರಮ್ಮ ಸಣ್ಣ ವಯಸ್ಸಿನವರು. ಗಂಟಲಿನ ಕ್ಯಾನ್ಸರ್, ಮಾತಿನ ಪೆಟ್ಟಿಗೆ ತೆಗೆಯದೆ ಬೇರೆ ದಾರಿಯಿಲ್ಲ ಅಂದರು. ತೆಗೆಯಿರಿ, ಆದರೆ ಹಿರಿಯರ ಹಬ್ಬ ಮುಗಿಯಲಿ, ನಾನು ಒಂದು ಕಡೆ ಹೋಗಿ ಒಬ್ಬನನ್ನು ಕರೆಯಬೇಕು ಅಂದೆ. ಯಾರನ್ನು ಅಂತ ಕೇಳಿದರು. ನನಗೆ ಹೇಳಲು ಆಗಲಿಲ್ಲ, ಕರಿಯಮ್ಮನೇ ಹೇಳಿದಳು. ಡಾಕ್ಟರಮ್ಮ ಪೂರ್ತಿ ಕೇಳಿಸಿಕೊಂಡರು. ಆಮೇಲೆ, ಅಷ್ಟು ದಿನ ಕಾದರೆ ಉಸಿರಿನ ದಾರಿಯೇ ಮುಚ್ಚುತ್ತದೆ, ಆಗ ನೀವು ಹೋಗುವುದಕ್ಕೇ ಆಗುವುದಿಲ್ಲ ಅಂದರು. ನಾನು ಸಿಟ್ಟಿನಿಂದ ಎದ್ದು ಹೊರಗೆ ಬಂದೆ. ಊರಿಗೆ ಹೋಗಾಣ ನಡಿ, ಸತ್ತರೆ ಸಾಯ್ತೀನಿ, ಬಾಯಿ ಮುಚ್ಚಿಕೊಂಡು ಬದುಕಲಾರೆ ಅಂದೆ.

ಕರಿಯಮ್ಮ ಬೆಂಚಿನಿಂದ ಏಳಲಿಲ್ಲ. “ಅವನು ಹೋಗವ್ನೆ, ಅವನ್ನ ಕರೆಯಾಕೆ ನೀವು ಬೇಕು. ನಾನು ಕುಂತಿದೀನಿ, ನನಗೆ ಯಾರೂ ಬ್ಯಾಡ್ವೇ?” ಅಂದಳು. ನಾನು ಪಕ್ಕದಲ್ಲಿ ಕೂತೆ. ಹೆಂಡತಿಯ ಮುಂದೆ ಅಷ್ಟು ಸಣ್ಣವನಾದದ್ದು ನನಗೆ ನೆನಪಿಲ್ಲ.

ಆಪರೇಷನ್ನಿನ ಹಿಂದಿನ ಸಂಜೆ ಇಬ್ಬರೂ ಆಸ್ಪತ್ರೆಯ ಹಿಂದಿನ ಹೊಂಗೆ ಮರದ ಕೆಳಗೆ ಹೋದೆವು. ಇಲ್ಲೇ ಒಂದು ಸಲ ಕರೀರಿ ಅಂದಳು. ಪ್ರಯತ್ನ ಮಾಡಿದೆ. ಬಟ್ಟೆ ಹರಿದ ಹಾಗೆ ಒಂದು ಸದ್ದು ಬಂತು, ನಾಲ್ಕು ಹೆಜ್ಜೆ ದಾಟಿರಲಿಕ್ಕಿಲ್ಲ. ನನಗೆ ಕೇಳಿಸ್ತು ಬಿಡ್ರಿ ಅಂದಳು. ನಾನು ಮರಕ್ಕೆ ಹಣೆ ಹಚ್ಚಿ ಅತ್ತೆ. ದನಿ ತೆಗೆದು ಅತ್ತದ್ದು ಅದೇ ಕೊನೆ. ಈಗ ಅತ್ತರೆ ಸದ್ದು ಬರುವುದಿಲ್ಲ, ಕುತ್ತಿಗೆಯ ಬಟ್ಟೆ ಅಲುಗುತ್ತದೆ ಅಷ್ಟೇ.

ಎಚ್ಚರವಾದಾಗ ಎಲ್ಲೋ ಮಂಜಿನೊಳಗೆ ಇದ್ದ ಹಾಗಿತ್ತು. ಕಣ್ಣು ತೆರೆಯುತ್ತಿರಲಿಲ್ಲ, ಮೈ ನನ್ನ ಮಾತು ಕೇಳುತ್ತಿರಲಿಲ್ಲ. ಆದರೆ ಕಿವಿ ಕೇಳಿಸುತ್ತಿತ್ತು. ನರ್ಸು ಈರಣ್ಣಾ, ಈರಣ್ಣಾ ಅಂತ ಕರೆದರು. ಆಮೇಲೆ ಕರಿಯಮ್ಮ. ಏನ್ರೀ, ಏನ್ರೀ, ಕೇಳಿಸ್ತಾ ಐತಾ ಅಂತ ಒಂದೇ ಸಮ ಕೂಗುತ್ತಿದ್ದಳು, ದನಿಯಲ್ಲಿ ಗಾಬರಿ ಏರುತ್ತಿತ್ತು. ಓ ಅನ್ನಬೇಕು ಅಂತ ನನ್ನ ಜೀವವೆಲ್ಲ ಗಂಟಲಿಗೆ ಬಂತು. ಗಂಟಲೇ ಇರಲಿಲ್ಲ. ಪ್ರತಿ ಕೂಗೂ ಕೇಳಿಸುತ್ತಿದೆ, ಯಾರ ದನಿ, ಯಾವ ಕಡೆಯಿಂದ ಎಲ್ಲ ತಿಳಿಯುತ್ತಿದೆ, ಹೇಳಲು ಮಾತ್ರ ಆಗುತ್ತಿಲ್ಲ. ಆಗ ನನಗೆ ತಿಪ್ಪೇಶಿ ನೆನಪಾದ. ಮಣ್ಣು ಹಿಡಿದುಕೊಂಡು, ನನ್ನ ಕಾಲಿನ ಕೆಳಗೇ ಇದ್ದು, ನಾನು ಕೂಗಿದಷ್ಟೂ ಕೇಳಿಸಿಕೊಂಡಿದ್ದಾನೆ ಹುಡುಗ. ಅಷ್ಟು ವರ್ಷ ಅವ್ವ ಕೇಳಿದ ಪ್ರಶ್ನೆಗೆ ಉತ್ತರ ಸಿಕ್ಕಿತು. ಸಿಕ್ಕಿದ್ದು ಹೇಳುವ ಬಾಯಿ ಹೋದ ಮೇಲೆ. ಯಾವ ದೇವರಿಗೆ ಬೈಯಲಿ ಹೇಳಿ.

ಮನೆಗೆ ಬಂದ ಮೇಲಿನ ದಿನಗಳನ್ನು ಇದೇ ದಾರಿಯಲ್ಲಿರುವವರಿಗಾಗಿ ಒಂದಿಷ್ಟು ಹೇಳುತ್ತೇನೆ. ಸ್ನಾನಕ್ಕೆ ಹೆದರಿಕೆಯಾಗುತ್ತದೆ, ತೂತಿಗೆ ನೀರು ಹೋದರೆ ಮುಳುಗಿದ ಹಾಗೆ. ಎದೆಯಿಂದ ಕೆಳಗೆ ಸುರಿದುಕೊಳ್ಳಿ, ತಲೆಯನ್ನು ಬೇರೆ ಯಾರಾದರೂ ಬಗ್ಗಿಸಿ ತೊಳೆಯಲಿ. ಬಿಸಿ ಸಾರು ಊದಿ ಆರಿಸುವುದಕ್ಕೆ ಬಾಯಲ್ಲಿ ಉಸಿರಿರುವುದಿಲ್ಲ, ಕಾಯಬೇಕು. ವಾಸನೆ ತಿಳಿಯುವುದಿಲ್ಲ. ಕುರಿಹಟ್ಟಿಯ ವಾಸನೆ, ಒಗ್ಗರಣೆಯ ವಾಸನೆ ಎಲ್ಲ ಹೋಯಿತು. ಕುತ್ತಿಗೆಗೆ ಒತ್ತಿ ಹಿಡಿದು ಮಾತಾಡುವ ಒಂದು ಮಷಿನ್ ಕೊಟ್ಟಿದ್ದಾರೆ. ಅದರ ದನಿ ಹಿಟ್ಟಿನ ಗಿರಣಿಯಂತೆ. ಮೊದಲ ಸಲ ಅದರಲ್ಲಿ ಕಾಫಿ ಕೇಳಿದಾಗ ಕರಿಯಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಇಷ್ಟು ವರ್ಷ ಬೈದಿದ್ದು ಸಾಕು, ಇನ್ನು ನನ್ನ ಸರದಿ ಅಂದಳು. ನಕ್ಕು ಒಳಗೆ ಹೋದವಳು ಬಹಳ ಹೊತ್ತು ಹೊರಗೆ ಬರಲಿಲ್ಲ. ಬಸ್ಸಿನ ಟಿಕೆಟ್ ಕೇಳುವುದಕ್ಕೆ ಆ ಮಷಿನ್ ಸಾಕು. ಕೂಗುವುದಕ್ಕೆ ಬರುವುದಿಲ್ಲ.

ಹಿರಿಯರ ಹಬ್ಬ ಬಂತು. ಪುಟ್ಟವ್ವನಿಗೆ ಯಾರೂ ಹೇಳಿರಲಿಲ್ಲ, ನಾನೇ ಬೇಡವೆಂದಿದ್ದೆ. ಹೋಗುವುದೋ ಬೇಡವೋ ಅಂತ ಒದ್ದಾಡಿದೆ. ಎಡೆ ಇಟ್ಟು ಕಾಯುತ್ತಿರುತ್ತಾಳೆ, ಕರೆಯುವವರಿಲ್ಲದೆ ಅವನ ಎಲೆ ಹಾಗೇ ಇರುತ್ತದೆ. ಕೊನೆಗೆ ಕರಿಯಮ್ಮನ ಜೊತೆ ಹೊರಟೆ. ಮಷಿನ್ ಮನೆಯಲ್ಲೇ ಬಿಟ್ಟೆ. ಆ ದನಿಯಲ್ಲಿ ತಿಪ್ಪೇಶಿಯ ಹೆಸರು ಹೇಳಲು ನನಗೆ ಮನಸ್ಸಿರಲಿಲ್ಲ.

ಬಸ್ಸಿಳಿದು ಹಳ್ಳದವರೆಗೆ ಬಂದೆ. ಹಿಂದಿನ ವಾರದ ಮಳೆಗೆ ಹಳ್ಳದಲ್ಲಿ ಪಾದ ಮುಳುಗುವಷ್ಟು ನೀರು, ಆಚೆ ತೋಟ, ತೋಟದೊಳಗೆ ಮನೆ. ಗುಂಡಿಗೆ ಎದುರಾಗಿ ನೀರಿಗಿಳಿದವನು ನಾನು, ಆ ಪಾದಮಟ್ಟದ ನೀರಿನ ಮುಂದೆ ನಿಂತುಬಿಟ್ಟೆ. ನೀವಿಲ್ಲೇ ಇರ್ರಿ, ನಾನು ಹೇಳಿ ಬರ್ತೀನಿ ಅಂತ ಕರಿಯಮ್ಮ ದಾಟಿ ಹೋದಳು. ಮನೆಯೊಳಗೆ ಏನು ಹೇಳಿದಳೋ, ಎಷ್ಟು ಹೇಳಿದಳೋ. ನಾನು ದಡದಲ್ಲಿ ನೀರು ನೋಡುತ್ತ ನಿಂತಿದ್ದೆ.

ಸ್ವಲ್ಪ ಹೊತ್ತಿಗೆ ಇಬ್ಬರೂ ಹೊರಗೆ ಬಂದರು. ಕರಿಯಮ್ಮ ಬಾಗಿಲಲ್ಲೇ ನಿಂತಳು. ಪುಟ್ಟವ್ವ ಕೋಲೂರಿಕೊಂಡು ತೋಟ ದಾಟಿ ಆಚೆ ದಡಕ್ಕೆ ಬಂದಳು. ಬೆನ್ನು ಪೂರ್ತಿ ಬಾಗಿತ್ತು. ಕೋಲನ್ನು ತೆಂಗಿನ ಮರಕ್ಕೆ ಒರಗಿಸಿ, ಸೆರಗು ಸರಿಮಾಡಿಕೊಂಡು, ನನ್ನ ಕಡೆ ತಿರುಗಿ ನಿಂತಳು. ನಿಂತು ಕೂಗಿದಳು.

“ಹೋ... ತಿಪ್ಪೇಶೀ... ಬಾ... ಬಾರೋ...”

ನನ್ನದೇ ಕೂಗು. ಹೊರಳುವ ಕಡೆ ಹೊರಳಿ, ಏರುವ ಕಡೆ ಏರಿತು. ಮುದುಕಿಯ ಗಂಟಲು, ಏರಿದ ಕಡೆ ಒಡೆಯಿತು, ಆದರೆ ಒಂದು ಎಳೆಯೂ ತಪ್ಪಲಿಲ್ಲ. ಅಷ್ಟು ವರ್ಷ ಬಾಗಿಲಿಗೆ ಒರಗಿ ಕಣ್ಣು ಮುಚ್ಚಿ ಕಲಿತಿದ್ದಳು.

ನಾನು ಓ ಅನ್ನಲು ಬಾಯಿ ತೆರೆದೆ. ಕುತ್ತಿಗೆಯ ಬಟ್ಟೆ ಅಲುಗಿತು. ಆಕೆ ಇನ್ನೊಂದು ಸಲ ಕರೆದಳು, ಮತ್ತೂ ಒಂದು ಸಲ ಕರೆದಳು. ನಾನು ಆಕೆಯ ಮುಖ ನೋಡುತ್ತ ನೀರಿಗೆ ಕಾಲಿಟ್ಟೆ. ನಾನು ದಾಟಿ ದಡ ಹತ್ತುವವರೆಗೂ ಪುಟ್ಟವ್ವ ಬಾಯಿ ಮುಚ್ಚಲಿಲ್ಲ.

ಹತ್ತಿರ ಬಂದ ಮೇಲೆ ಮೊದಲು ನನ್ನ ಕೆನ್ನೆ ಮುಟ್ಟಿದಳು. ಆಮೇಲೆ ಬಟ್ಟೆ ಸರಿಸಿ, ತೂತಿನ ಮುಂದೆ ಅಂಗೈ ಹಿಡಿದಳು. ನನ್ನ ಬಿಸಿ ಉಸಿರು ಆಕೆಯ ಕೈಗೆ ತಾಗುತ್ತಿತ್ತು. ಬಹಳ ಹೊತ್ತು ಹಾಗೇ ಹಿಡಿದಿದ್ದಳು.

“ನಿನಗೆ ಕೇಳ್ಸಿತು ಅಲ್ವೇನಪ್ಪ?”

ತಲೆಯಾಡಿಸಿದೆ.

“ಓ ಅನ್ನಾಕೆ ಆಗ್ಲಿಲ್ಲ.”

ಇಲ್ಲವೆಂದು ತಲೆಯಾಡಿಸಿದೆ.

ಪುಟ್ಟವ್ವ ಅಂಗೈ ತೆಗೆದು ಹಳ್ಳದ ಕಡೆ ತಿರುಗಿದಳು. ಅಷ್ಟು ವರ್ಷ ನನ್ನ ಮುಂದೆ ಒಂದು ಸಲವೂ ಅಳದಿದ್ದವಳು, ನನ್ನ ಭುಜ ಹಿಡಿದುಕೊಂಡು ದನಿ ತೆಗೆದು ಅತ್ತಳು. “ನನ್ ಕಂದ ಬರ್ತಾನೇ ಇದ್ದ, ಓ ಅನ್ಲಿಲ್ಲ ಅಂತ ನಾನು ಅವನ್ನ ಬೈಕೊಂಡೆನಲ್ಲಪ್ಪ” ಅಂದಳು. ನಾನೂ ಅತ್ತೆ. ಕೇಳಿಸಿದ್ದು ಆಕೆಯದೊಂದೇ ದನಿ, ಅದು ಇಬ್ಬರಿಗೂ ಸಾಕಾಯಿತು.

ಆಮೇಲೆ ಒಳಗೆ ಕರೆದುಕೊಂಡು ಹೋಗಿ, ಗೋಡೆಗೆ ಒರಗಿಸಿ ಕೂರಿಸಿ, ತಿಪ್ಪೇಶಿಗೆ ಇಟ್ಟ ಎಲೆಯನ್ನು ನನ್ನ ಮುಂದಕ್ಕೆ ಸರಿಸಿದಳು. ಕಾಯಿಹಾಲು ಬಿಸಿಯಿತ್ತು. ನನಗೆ ಊದಲು ಆಗುವುದಿಲ್ಲವೆಂದು ಕರಿಯಮ್ಮ ಹೇಳಿರಬೇಕು. ಪುಟ್ಟವ್ವ ಬಟ್ಟಲನ್ನು ತನ್ನ ತುಟಿಯ ಹತ್ತಿರ ಹಿಡಿದು, ಊದಿ ಊದಿ ಆರಿಸಿ, ಉಣ್ಣಪ್ಪ ಅಂತ ಕೊಟ್ಟಳು.